ಗ್ಲೆನಿಸ್ ಪಾಸ್ಕೋ ಮತ್ತು ಆರು ಅಂಗುಲದ ಎತ್ತರ

ಪೋರ್ಟ್ ಅಗಸ್ಟಾದ ಉತ್ತರದಂಚಿನಲ್ಲಿ, ಹೆದ್ದಾರಿ ಊರನ್ನು ಬಿಟ್ಟು ಬೂದುಬಣ್ಣದ ಉಪ್ಪುಪೊದೆಗಳ ಬಯಲಿಗೆ ಇಳಿಯುವಲ್ಲಿ, ಗ್ಲೆನಿಸ್ ಪಾಸ್ಕೋಳ ತಗಡಿನ ಶೆಡ್ ಇದೆ. ಗಾಡಿಗಳ ಸ್ಪ್ರಿಂಗ್ ಬದಲಿಸುವುದು, ಕಮಾನು ಪಟ್ಟಿ ಕಟ್ಟುವುದು, ನೆಲದಿಂದ ಎತ್ತರಿಸುವುದು ಅವಳ ಕಸುಬು. ಬಂದ ಗಿರಾಕಿಯ ಮುಖವನ್ನು ಅವಳು ಮೊದಲು ನೋಡುವುದಿಲ್ಲ. ಗಾಲಿ ಹಚ್ಚಿದ ಹಲಗೆಯ ಮೇಲೆ ಅಂಗಾತ ಮಲಗಿ ಸುಯ್ಯನೆ ಗಾಡಿಯ ಕೆಳಗೆ ಜಾರಿಹೋಗುತ್ತಾಳೆ. ಮೇಲೆ ನಿಂತ ಗಿರಾಕಿ ತನ್ನ ಸಾಹಸ ಹೇಳುತ್ತಿರುತ್ತಾನೆ, ಕೆಳಗೆ ಕಬ್ಬಿಣ ಬೇರೆಯೇ ಕತೆ ಹೇಳುತ್ತಿರುತ್ತದೆ. ಹತ್ತು ನಿಮಿಷ ಬಿಟ್ಟು ಅವಳು ಹೊರಬಂದಾಗ ಕಣ್ಣಲ್ಲಿ ತಾತ್ಸಾರ ತುಂಬಿರುತ್ತದೆ. ಅದನ್ನು ಮುಚ್ಚಿಡುವ ಅಭ್ಯಾಸ ಅವಳಿಗಿಲ್ಲ.

"ಮರಳುಗುಡ್ಡ ಹತ್ತಿಸ್ದೆ ಅಂದ್ಯಲ್ಲ, ಕೆಳಗೆ ಒಂದು ಚಿಟಿಕೆ ಮರಳಿಲ್ಲ. ಸೂಪರ್ ಮಾರ್ಕೆಟ್ ಮುಂದೆ ಗುಡ್ಡ ಯಾವಾಗ ಎದ್ದಿತು?"

ಹೀಗೆ ಮಾತಾಡಿಸಿಕೊಂಡವರು ಮತ್ತೆ ಬರಬಾರದು. ಆದರೂ ಬರುತ್ತಾರೆ. ಯಾಕೆಂದರೆ ಗ್ಲೆನಿಸ್ ಕೈಯಿಟ್ಟ ಗಾಡಿ ಹತ್ತು ವರ್ಷ ಸದ್ದು ಮಾಡುವುದಿಲ್ಲ.

ತನಗಿರುವ ತಾತ್ಸಾರ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಯವರನ್ನು ಕೇಳಿಯೂ ಇದ್ದಳು, ಮನುಷ್ಯರನ್ನು ಕಂಡರೆ ತಾತ್ಸಾರ ಬರುವುದು ಪಾಪವೋ ಹೇಗೆ ಎಂದು. ಪಾದ್ರಿಯವರು ಕಿಟಕಿಯಾಚೆ ನಿಂತಿದ್ದ ತಮ್ಮ ಗಾಡಿಯನ್ನೊಮ್ಮೆ ನೋಡಿದರು. ಹೊಳೆ ದಾಟಲೆಂದು ಅದಕ್ಕೆ ಆನೆಯ ಸೊಂಡಿಲಿನಂಥ ಗಾಳಿಕೊಳವೆ ಹಾಕಿಸಿದ್ದರು. ಹೊಳೆ ಎಂಬುದು ಆ ಸೀಮೆಯಲ್ಲಿ ಏಳು ವರ್ಷಕ್ಕೊಮ್ಮೆ ಹರಿದರೆ ಹೆಚ್ಚು. ಅವರು ಮೆಲ್ಲಗೆ ಚಹಾದ ಕಡೆಗೆ ಮಾತು ತಿರುಗಿಸಿದರು. ಅಂದಿನಿಂದ ಗ್ಲೆನಿಸ್ ತನ್ನ ದಿನದ ಪ್ರಾರ್ಥನೆಗೆ ಒಂದು ಸಾಲು ಸೇರಿಸಿಕೊಂಡಳು: ಇವರನ್ನು ಸಹಿಸುವ ತಾಳ್ಮೆ ನನಗೆ ಕೊಡು, ಇಲ್ಲವೇ ಇವರಿಗೆ ಬುದ್ಧಿ ಕೊಡು, ಎರಡರಲ್ಲಿ ನಿನಗೆ ಯಾವುದು ಸುಲಭವೋ ಅದು.

ಅವಳು ರೈಲು ಹಳಿ ಕಾಯುವವನ ಮಗಳು. ಏಳು ಮಕ್ಕಳಲ್ಲಿ ಐದನೆಯವಳು. ಮರವಿಲ್ಲದ ಬಯಲಿನಲ್ಲಿ ಹಳಿಯ ಪಕ್ಕ ನಾಲ್ಕೇ ಮನೆಗಳಿರುವ ತಾಣಗಳಲ್ಲಿ ಬೆಳೆದಳು. ಅಪ್ಪ ಹಳಿಗೆ ಕಿವಿಯಿಟ್ಟು, ಬರುವ ರೈಲು ಸಾಮಾನಿನದೋ ಜನರದೋ ಹೇಳುತ್ತಿದ್ದ. ಕಬ್ಬಿಣ ಸುಳ್ಳು ಹೇಳುವುದಿಲ್ಲ ಎಂಬುದನ್ನು ಅವಳು ಅಲ್ಲಿ ಕಲಿತಳು. ಇಪ್ಪತ್ತೆರಡಕ್ಕೆ ಕ್ಲಿಫ್ ಪಾಸ್ಕೋನನ್ನು ಮದುವೆಯಾಗಿ ಈ ಶೆಡ್ಡಿಗೆ ಬಂದಳು. ಕ್ಲಿಫ್‌ಗೆ ಕೈ ಇತ್ತು, ಬಾಯಿ ಇರಲಿಲ್ಲ. ಸ್ಪ್ರಿಂಗ್ ಹಿಡಿದುಕೊಡು ಅಂದರೆ ಹಿಡಿದುಕೊಟ್ಟಳು, ಬೋಲ್ಟ್ ಬಿಗಿ ಅಂದರೆ ಬಿಗಿದಳು. ಯಾರೂ ಕಲಿಸಲಿಲ್ಲ, ಅವಳೇ ನೋಡಿ ನೋಡಿ ಕಲಿತಳು. ಕ್ಲಿಫ್‌ಗೆ ನಲವತ್ತೊಂಬತ್ತಾಗಿದ್ದಾಗ ಅವನ ಎದೆಬಡಿತ ನಿಂತಿತು. ಶೆಡ್ ಮಾರಿಬಿಡು ಎಂದು ಊರೆಲ್ಲ ಹೇಳಿತು. ಸಂಸ್ಕಾರ ಮುಗಿದ ವಾರದಲ್ಲೇ ಒಬ್ಬ ಗಿರಾಕಿ ಬಾಗಿಲಲ್ಲಿ ಇಣುಕಿ, "ಗಂಡಸ್ರು ಯಾರೂ ಇಲ್ವಾ?" ಅಂದ.

"ಇದಾರಲ್ಲ, ಬಾಗಿಲಲ್ಲಿ ಒಬ್ಬ ನಿಂತಿದಾನೆ," ಅಂದಳು ಗ್ಲೆನಿಸ್. "ಕೆಲಸಕ್ಕೆ ಬೇಕಾಗಿದ್ರೆ ನಾನಿದೀನಿ."

ಅದಾಗಿ ಹದಿನೆಂಟು ವರ್ಷ. ಈಗ ಅವಳಿಗೆ ಅರವತ್ತೊಂದು.

ಅವಳ ಶೆಡ್ಡಿಗೆ ಒಂದೇ ನಿಯಮ. ಲಿಫ್ಟ್ ಕಿಟ್, ಅಂದರೆ ಗಾಡಿ ಎತ್ತರಿಸುವ ಸ್ಪ್ರಿಂಗುಗಳ ಜೋಡಿ, ಬೇಕು ಎಂದು ಬಂದವನು ಮೊದಲು ಗೋಧಿ ಗೋದಾಮಿನಲ್ಲಿ ಲಾರಿಗಳನ್ನು ತೂಗುವ ತೂಕದ ಸೇತುವೆಗೆ ಹೋಗಬೇಕು. ಪ್ರಯಾಣಕ್ಕೆ ಹೊರಡುವಾಗ ಗಾಡಿ ಹೇಗಿರುತ್ತದೋ ಹಾಗೇ, ನೀರು, ಡೀಸೆಲ್, ಹೆಂಡತಿ, ನಾಯಿ ಎಲ್ಲವನ್ನೂ ಹೇರಿಕೊಂಡು ತೂಗಿಸಿ ಚೀಟಿ ತರಬೇಕು. ಸ್ಪ್ರಿಂಗ್ ಆರಿಸುವುದು ಎತ್ತರಕ್ಕಲ್ಲ, ಭಾರಕ್ಕೆ. ಹಗುರ ಗಾಡಿಗೆ ಗಡಸು ಸ್ಪ್ರಿಂಗ್ ಹಾಕಿದರೆ ಹಲ್ಲು ಅಲುಗಾಡುತ್ತದೆ, ಭಾರದ ಗಾಡಿಗೆ ಮೆತ್ತನೆಯದು ಹಾಕಿದರೆ ಬೆನ್ನು ಮುರಿಯುತ್ತದೆ. ಇಷ್ಟು ಸರಳ ವಿಷಯ. ಆದರೆ ಈ ಸೀಮೆಯ ಗಂಡಸರು ಮೀನಿನ ಉದ್ದ, ಗಾಡಿಯ ಭಾರ ಇವೆರಡರ ವಿಷಯದಲ್ಲಿ ಸತ್ಯ ಹೇಳಿದ್ದನ್ನು ಗ್ಲೆನಿಸ್ ಕಂಡಿಲ್ಲ. ಮೀನನ್ನು ಹೆಚ್ಚಿಸಿ ಹೇಳುತ್ತಾರೆ, ಭಾರವನ್ನು ಇಳಿಸಿ ಹೇಳುತ್ತಾರೆ.

ಲೈಲ್ ಡನ್‌ಸ್ಟನ್ ಇಂಥವರಲ್ಲಿ ಎದ್ದು ಕಾಣುವವನು. ಐವತ್ತೆರಡು ವರ್ಷ, ಅಗಲವಾದ ಟೋಪಿ, ಟೋಪಿಗಿಂತ ಅಗಲವಾದ ಮಾತು. ಹದಿಮೂರು ವರ್ಷದಿಂದ ಅಂಚೆ ಗುತ್ತಿಗೆ ಅವನದು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬಿಳಿ ಯೂಟ್‌ನಲ್ಲಿ ಟಪಾಲು, ಔಷಧಿ, ಬ್ರೆಡ್ಡು ಹೇರಿಕೊಂಡು ಬೆಟ್ಟದಾಚೆಯ ಹನ್ನೊಂದು ಕುರಿಸಾಕಣೆ ಮನೆಗಳಿಗೆ ಹೋಗಿಬರುತ್ತಾನೆ. ಐನೂರು ಕಿಲೋಮೀಟರ್, ಅದರಲ್ಲಿ ನಾನೂರು ಬರೀ ಮಣ್ಣು. ಈ ಯೂಟ್ ಅಂದರೆ ಮುಂದೆ ಇಬ್ಬರ ಸೀಟು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಅಂಥ ದಾರಿಗೆ ಹೇಳಿ ಮಾಡಿಸಿದ್ದು, ಹಾಳು ಮಾಡದಿದ್ದರೆ.

ಹಿಂದಿನ ವರ್ಷ ಅವನು ಕಿಟ್ ಕೇಳಿಕೊಂಡು ಬಂದಾಗ ಗ್ಲೆನಿಸ್ ಎರಡು ಅಂಗುಲ ಅಂದಿದ್ದಳು. ಅವನು ನಕ್ಕಿದ್ದ. ಅವನು ಸೇರಿದ್ದ ಗಾಡಿ ಕ್ಲಬ್ಬಿನಲ್ಲಿ ನಾಲ್ಕಕ್ಕಿಂತ ಕಡಿಮೆ ಇದ್ದವನು ಲೆಕ್ಕಕ್ಕೇ ಇರಲಿಲ್ಲ. ಲೈಲ್ ಇಂಟರ್ನೆಟ್ಟಿನಲ್ಲಿ ಆರು ಅಂಗುಲದ ಕಿಟ್ ತರಿಸಿದ. ಕ್ಲಬ್ಬಿನ ನಾಲ್ವರು ಒಂದು ಶನಿವಾರ ಮಧ್ಯಾಹ್ನ ಬೀರು ಕುಡಿಯುತ್ತ, ಕುರಿಮಾಂಸ ಸುಡುತ್ತ, ಅದನ್ನು ಅವನ ಅಂಗಳದಲ್ಲೇ ಜೋಡಿಸಿದರು. ಉಳಿದ ಮೂರು ಬೋಲ್ಟುಗಳನ್ನು ಒಂದು ಲೋಟಕ್ಕೆ ಹಾಕಿ ಇಟ್ಟರು. ಆಮೇಲೆ ಲೈಲ್ ಪಬ್ಬಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ: "ಗ್ಲೆನಿಸ್ ಮಾಡಿದ ಗಾಡಿ ನೋಡಿದೀರಾ? ಚರ್ಚಲ್ಲಿ ಮೊಣಕಾಲೂರಿದ ಹಾಗೆ ಕೂತಿರುತ್ತೆ."

ಆ ಮಾತು ಅದೇ ಸಂಜೆ ಗ್ಲೆನಿಸ್‌ಳ ಕಿವಿಗೆ ಬಿತ್ತು. ಮೊಣಕಾಲೂರುವುದು ಗಾಡಿಗೂ ಒಳ್ಳೆಯದೇ, ಮನುಷ್ಯನಿಗೂ ಒಳ್ಳೆಯದೇ ಎಂದುಕೊಂಡಳು.

ಈಗ ಅದೇ ಲೈಲ್ ಸೋಮವಾರ ಸಂಜೆ ಅವಳ ಶೆಡ್ಡಿನ ಮುಂದೆ ಯೂಟ್ ನಿಲ್ಲಿಸಿ, ಸೀಟಿನಿಂದ ನೆಲಕ್ಕೆ ಧುಮುಕಿದ. ಇಳಿದ ಎಂದು ಹೇಳಲು ಬರುವುದಿಲ್ಲ. ಅಷ್ಟು ಎತ್ತರದಿಂದ ಯಾರೂ ಇಳಿಯುವುದಿಲ್ಲ.

"ಹೇಗಿದೀಯಾ ಗ್ಲೆನಿಸ್?"

"ನೆಲದ ಮೇಲಿದೀನಿ. ನೀನು?"

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ವಿಷಯ ಹೊರಬಿತ್ತು. ಅಂಚೆ ಗುತ್ತಿಗೆ ಮುಂದಿನ ಐದು ವರ್ಷಕ್ಕೆ ಹೊಸದಾಗಬೇಕಿತ್ತು. ಅದಕ್ಕೆ ಗಾಡಿಯ ತಪಾಸಣೆ. ತಪಾಸಣೆಯ ಎಂಜಿನಿಯರ್ ಮನೋಲಿಸ್ ಅಂದು ಬೆಳಿಗ್ಗೆ ಯೂಟನ್ನು ಒಂದು ಸುತ್ತು ಬಂದು, ಬಾಗಿಲೂ ತೆರೆಯದೆ, ಆಗುವುದಿಲ್ಲ ಅಂದುಬಿಟ್ಟಿದ್ದ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಂದೇ ಅವಕಾಶ. ಟಪಾಲು ಹೊರಡುವ ಮೊದಲು ತೋರಿಸಬೇಕು, ಹೊರಡುವ ಭಾರದ ಚೀಟಿಯನ್ನೂ ತರಬೇಕು. ಅಂದು ಪಾಸಾಗದಿದ್ದರೆ ಗುತ್ತಿಗೆ ಪಕ್ಕದೂರು ವೈಯಾಲಾದ ಒಂದು ಸಾಗಣೆ ಕಂಪನಿಯ ಪಾಲು.

"ಹದಿಮೂರು ವರ್ಷ ಗ್ಲೆನಿಸ್. ಬೇರೆ ಏನು ಬರುತ್ತೆ ನಂಗೆ?"

"ಅದನ್ನ ನಾನೂ ಯೋಚಿಸ್ತಾ ಇದೀನಿ," ಅಂದು ಅವಳು ಹಲಗೆಯ ಮೇಲೆ ಮಲಗಿದಳು.

ಕೆಳಗೆ ಹೋದವಳು ಅಂದು ಹತ್ತು ನಿಮಿಷಕ್ಕೆ ಬರಲಿಲ್ಲ. ಅಲ್ಲಿ ನೋಡುವುದು ಬಹಳವಿತ್ತು. ಬ್ರೇಕಿನ ರಬ್ಬರ್ ಕೊಳವೆ ಎತ್ತರಕ್ಕೆ ಎಟುಕದೆ ತಂತಿಯಂತೆ ಬಿಗಿದಿತ್ತು. ಒಂದು ದೊಡ್ಡ ಗುಂಡಿ ಸಿಕ್ಕಿದ್ದರೆ ಹರಿದೇ ಹೋಗುತ್ತಿತ್ತು. ಚಕ್ರಕ್ಕೆ ಬಲ ಒಯ್ಯುವ ದಂಡ ಓರೆಯಾಗಿ ತಿರುಗಿ ತಿರುಗಿ ತನ್ನ ಕೀಲನ್ನೇ ತಿಂದುಹಾಕಿತ್ತು. ಮುಂದಿನ ದೀಪಗಳು ರಸ್ತೆ ಬಿಟ್ಟು ಆಕಾಶ ನೋಡುತ್ತಿದ್ದವು. ಇವೆಲ್ಲ ಅವಳು ಕಾಣುವೆನೆಂದು ನಿರೀಕ್ಷಿಸಿದ್ದೇ. ಅವಳ ಕೈ ನಿಂತದ್ದು ಹಿಂದಿನ ತಡೆರಬ್ಬರಿನ ಮೇಲೆ. ಭಾರ ಮಿತಿಮೀರಿ ಕಮಾನು ಪಟ್ಟಿ ಪೂರ್ತಿ ಬಾಗಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಕಾಯುವ ರಬ್ಬರ್ ಅದು. ಆರು ಅಂಗುಲ ಎತ್ತಿದ ಗಾಡಿಯಲ್ಲಿ ಅದಕ್ಕೆ ಕೆಲಸವೇ ಇರಬಾರದು. ಇಲ್ಲಿ ಅದು ಜಗಿದು ಉಗಿದ ಎಲೆಯಡಿಕೆಯಂತೆ ಆಗಿತ್ತು.

ಹೊರಬಂದು ಕೈ ಒರೆಸಿಕೊಳ್ಳುತ್ತ ಕೇಳಿದಳು: "ಚೀಟಿ ತಂದಿದೀಯಾ?"

ತಂದಿದ್ದ. ಅವಳ ನಿಯಮ ಊರಿಗೇ ಗೊತ್ತು. ಎರಡು ಸಾವಿರದ ಒಂಬೈನೂರ ಎಂಬತ್ತು ಕಿಲೋ. ಆ ಯೂಟಿಗೆ ಕಾನೂನು ಒಪ್ಪುವ ಒಟ್ಟು ಭಾರ ಮೂರು ಸಾವಿರದ ಮುನ್ನೂರು. ಚೀಟಿ ಮದುವಣಗಿತ್ತಿಯಷ್ಟು ಚೊಕ್ಕವಾಗಿತ್ತು.

"ಟಪಾಲಿನ ದಿನ ಇಷ್ಟೇ ಭಾರನಾ?"

"ಇಷ್ಟೇ."

"ಇನ್ನೇನೂ ಹೇರಲ್ವಾ?"

"ಕಾಗದ ಪತ್ರ, ಔಷಧಿ, ಬ್ರೆಡ್ಡು. ಇನ್ನೇನು ಹೇರಲಿ, ಪಿಯಾನೋನಾ?"

"ಸರಿಯಾಗಿ ಯೋಚಿಸಿ ಹೇಳು ಲೈಲ್."

"ಇಲ್ಲ ಅಂದ್ನಲ್ಲಾ ಮಾರಾಯ್ತಿ!"

ಮೂರು ಸಲ ಕೇಳಿದಳು, ಮೂರು ಸಲವೂ ಅಲ್ಲಗಳೆದ. ಬೈಬಲ್ಲಿನಲ್ಲಿ ಶಿಷ್ಯ ಗುರುವನ್ನು ಮೂರು ಸಲ ಅಲ್ಲಗಳೆದೊಡನೆ ಕೂಗಿದಂಥ ಹುಂಜವೊಂದು ಹತ್ತಿರದಲ್ಲಿ ಇರದೇ ಹೋದದ್ದು ಅವನ ಪುಣ್ಯ. ಹುಂಜದ ಬದಲು ಶೆಡ್ಡಿನ ಫೋನು ಕೂಗಿತು.

ಗ್ಲೆನಿಸ್‌ಳ ಕೈಗೆ ಗ್ರೀಸ್ ಮೆತ್ತಿತ್ತು. ಮೊಣಕೈಯಿಂದ ಸ್ಪೀಕರ್ ಗುಂಡಿ ಒತ್ತಿದಳು. ಆಚೆಯಿಂದ ಡೋರಿ ಮೆಕೆಯ ದನಿ. ಟಪಾಲು ದಾರಿಯ ಏಳನೆಯ ಮನೆಯ ವಿಧವೆ, ಎಪ್ಪತ್ತೆಂಟು ವರ್ಷ, ಎರಡು ಸಾವಿರ ಕುರಿ, ಕಿವಿ ಸ್ವಲ್ಪ ಮಂದ. ಹಾಗಾಗಿ ಅವಳ ದನಿ ಶೆಡ್ಡು ದಾಟಿ ಹೆದ್ದಾರಿಯವರೆಗೂ ಕೇಳುತ್ತಿತ್ತು.

"ಗ್ಲೆನಿಸ್! ಆ ಲೈಲ್ ಅಲ್ಲಿದಾನಾ? ಅವನ ಹೆಂಡ್ತಿ ಅಲ್ಲಿಗೇ ಹೋದ ಅಂದ್ಲು. ಫೋನು ಎತ್ತಲ್ಲ ಪ್ರಾಣಿ! ನಾಳೆ ನಾಯಿ ತಿಂಡಿ ಹನ್ನೆರಡು ಮೂಟೆ ಅನ್ನು. ಹೋದ ಸಲ ಹತ್ತೇ ತಂದ. ಗ್ಯಾಸ್ ಸಿಲಿಂಡರ್ ನಂಗೆ ಎರಡು, ಪಕ್ಕದ ಮನೆಯವರಿಗೆ ಎರಡು. ಬೇಲಿ ತಂತಿ ಸುರುಳಿ ಮರೀಬಾರದು. ಬೀರು ಈ ಸಲ ಬೇಡ, ಹುಡುಗರು ಉಣ್ಣೆ ಕತ್ತರಿಸಿ ಹೋಗಿಯಾಯ್ತು!"

"ಹೇಳ್ತೀನಿ ಡೋರಿ."

"ಅವನಿಗೆ ಮೂಟೆಗಿಷ್ಟು ಅಂತ ಕೊಡ್ತೀವಲ್ಲ, ಪುಗಸಟ್ಟೆ ಏನಲ್ಲ!"

ಫೋನು ನಿಂತಿತು. ಲೈಲ್ ಗೋಡೆಗೆ ತೂಗುಹಾಕಿದ್ದ ಪಾನಾಗಳನ್ನು ಎಣಿಸುವವನಂತೆ ನೋಡುತ್ತಿದ್ದ.

"ಪಿಯಾನೋ ಒಂದು ಬಿಟ್ಟು ಎಲ್ಲಾ ಇದೆ," ಅಂದಳು ಗ್ಲೆನಿಸ್.

ಹದಿಮೂರು ವರ್ಷದಿಂದ ಅವನು ಟಪಾಲಿನ ಮೇಲೆ ಹೀಗೆ ಹೇರುತ್ತ ಬಂದಿದ್ದ. ಅದರಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ. ನೂರೈವತ್ತು ಕಿಲೋಮೀಟರ್ ಆಚೆ ಒಂಟಿಯಾಗಿರುವ ಮುದುಕಿಗೆ ಗ್ಯಾಸ್ ಯಾರು ತಂದುಕೊಡುತ್ತಾರೆ? ಅವಳಿಗೆ ಹೇಸಿಗೆಯಾದದ್ದು ಬೇರೆಯದಕ್ಕೆ. ಚೀಟಿಗಾಗಿ ಈ ಮನುಷ್ಯ ಮೂಟೆಗಳನ್ನೆಲ್ಲ ಮನೆಯಲ್ಲಿ ಇಳಿಸಿ, ಗೋದಾಮಿಗೆ ಹೋಗಿ ತೂಗಿಸಿಕೊಂಡು ಬಂದಿದ್ದ, ಬೆಳಿಗ್ಗೆ ಮತ್ತೆ ಎಲ್ಲವನ್ನೂ ಹೇರಿಕೊಳ್ಳುವವನಿದ್ದ. ಸುಳ್ಳಿಗೆ ಪಟ್ಟ ಅಷ್ಟು ಪಾಡನ್ನು ಕೆಲಸಕ್ಕೆ ಪಟ್ಟಿದ್ದರೆ ಇಲ್ಲಿ ನಿಲ್ಲಬೇಕಾಗಿರಲಿಲ್ಲ. ಮೋಸಕ್ಕಿಂತ ಮೋಸದ ಪೆದ್ದುತನ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

"ನಾಳೆ ಟಪಾಲಿಗೆ ನನ್ನ ಹಳೇ ಯೂಟ್ ತಗೊಂಡ್ಹೋಗು," ಅಂದಳು. "ಬುಧವಾರ ನಿನ್ನ ಗಾಡಿಗೆ ಎಲ್ಲಾ ಹೇರ್ಕೊಂಡು ತೂಗಿಸೋಕೆ ಬಾ. ಒಂದು ಮೂಟೆನೂ ಬಿಡಬೇಡ. ನಾನೂ ಬರ್ತೀನಿ."

ಬುಧವಾರ ಹಗಲು ಹನ್ನೊಂದಕ್ಕೆ, ಗೋಧಿ ಲಾರಿಗಳ ಸಾಲಿನ ನಡುವೆ, ಲೈಲ್ ಮೂಟೆ, ಸಿಲಿಂಡರು, ತಂತಿ, ಟೈರು, ಬೀರಿನ ಪೆಟ್ಟಿಗೆಗಳನ್ನು ಹೇರಿಕೊಂಡು ತೂಕದ ಸೇತುವೆ ಹತ್ತಿದ. ಲಾರಿಯವರು ಕಿಟಕಿಯಿಂದ ತಲೆ ಹಾಕಿ ನೋಡಿದರು.

"ಏನ್ ಲೈಲ್, ಮನೆ ಖಾಲಿ ಮಾಡ್ತಿದೀಯಾ?"

"ಹೆಂಡ್ತಿ ಹೊರಗೆ ಹಾಕಿದ್ಲಾ?"

ಮೂರು ಸಾವಿರದ ಏಳುನೂರ ಹತ್ತು ಕಿಲೋ. ಮಿತಿಗಿಂತ ನಾನೂರ ಹತ್ತು ಹೆಚ್ಚು.

ಲೈಲ್ ಚೀಟಿ ನೋಡಿ, ಆಶ್ಚರ್ಯವೆಂದರೆ, ಹಿಗ್ಗಿದ. "ಅಷ್ಟೇ ತಾನೇ? ಗಡಸು ಸ್ಪ್ರಿಂಗ್ ಹಾಕಿಬಿಡು. ಎಲ್ಲಕ್ಕಿಂತ ಗಡಸು ಯಾವುದಿದೆಯೋ ಅದು. ಐನೂರು ಕಿಲೋ ಜಾಸ್ತಿ ಹೊರೋದು ಬರುತ್ತೆ ಅಂತ ಕ್ಲಬ್ಬಲ್ಲಿ ಹೇಳ್ತಿದ್ರು."

ಗ್ಲೆನಿಸ್ ಅವನನ್ನು ನೋಡಿದಳು. ಗ್ರಾಹಕರ ಸಾವಿರ ಮುಖಗಳನ್ನು ಅವಳು ಹೀಗೆ ನೋಡಿದ್ದಳು. ಈ ತಪ್ಪು ಈ ಸೀಮೆಗೇ ಅಂಟಿದ ರೋಗ. ದಪ್ಪ ಸ್ಪ್ರಿಂಗ್ ಹಾಕಿದರೆ ಗಾಡಿಯ ಮಿತಿಯೇ ಹೆಚ್ಚಿತು ಎಂದು ಎಲ್ಲರೂ ನಂಬಿಕೊಂಡಿದ್ದರು.

"ಸ್ಪ್ರಿಂಗ್ ಹೊರುತ್ತೆ ಲೈಲ್. ಅಚ್ಚು ಹೊರಲ್ಲ, ಬ್ರೇಕ್ ಹೊರಲ್ಲ, ಕಾನೂನು ಅಂತೂ ಹೊರೋದೇ ಇಲ್ಲ. ಬೆಲ್ಟ್ ಬಿಗಿ ಮಾಡ್ಕೊಂಡ್ರೆ ಹೊಟ್ಟೆ ಕರಗುತ್ತಾ? ಬಾಗಿಲ ಪಕ್ಕ ಅಂಟಿಸಿರೋ ತಗಡಲ್ಲಿ ಮೂರು ಸಾವಿರದ ಮುನ್ನೂರು ಅಂತಿದೆ. ನೀನು ಆರಲ್ಲ, ಅರವತ್ತು ಅಂಗುಲ ಎತ್ತು, ಅದು ಅಷ್ಟೇ ಇರುತ್ತೆ."

"ಹಾಗಾದ್ರೆ ಯಾವ ಕಿಟ್ಟೂ ಆಗಲ್ವಾ?"

"ಎರಡು ಅಂಗುಲ. ನಡುಮಟ್ಟದ ಸ್ಪ್ರಿಂಗ್. ಎರಡು ದಾಟಿದ್ರೆ ಎಂಜಿನಿಯರ್ ಕಾಗದ ಬೇಕು, ಅದಕ್ಕೆ ನಿನಗೆ ಟೈಮೂ ಇಲ್ಲ, ಗಾಡಿಗೆ ಅಗತ್ಯವೂ ಇಲ್ಲ. ಟಪಾಲು, ಔಷಧಿ, ಬ್ರೆಡ್ಡು ಯೂಟ್ ಮೇಲೆ. ಮಿಕ್ಕಿದ್ದೆಲ್ಲ ಟ್ರೇಲರ್ ಮೇಲೆ. ಹಿಂದೆ ಎಳ್ಕೊಂಡು ಹೋಗು."

ಲೈಲ್‌ನ ಮುಖ ಬಿದ್ದುಹೋಯಿತು. "ಟ್ರೇಲರಾ? ಪಿಂಚಣಿ ಮುದುಕರ ಥರ?"

"ಮುದುಕರು ಎಳೀತಾರೆ, ಮನೆಗೆ ವಾಪಸ್ಸೂ ಬರ್ತಾರೆ."

"ಎರಡು ಅಂಗುಲ, ಹಿಂದೊಂದು ಡಬ್ಬಿ ಟ್ರೇಲರ್! ಕ್ಲಬ್ಬಲ್ಲಿ ನನ್ನ ಜೊತೆ ಯಾರಾದ್ರೂ ಕೂತ್ಕೋತಾರಾ?"

"ಹದಿಮೂರು ವರ್ಷದ ಅನ್ನ ಒಂದು ಕಡೆ, ಕ್ಲಬ್ಬಿನ ಕುರ್ಚಿ ಒಂದು ಕಡೆ. ತೂಗಿಸಿ ನೋಡು. ಸೇತುವೆ ಮೇಲೇ ನಿಂತಿದೀಯಾ."

ಲೈಲ್ ಮೂಟೆಗಳ ಸಮೇತ ಗಾಡಿ ತಿರುಗಿಸಿಕೊಂಡು ಧೂಳೆಬ್ಬಿಸಿ ಹೊರಟುಹೋದ. ಗ್ಲೆನಿಸ್ ಗೋದಾಮಿನಿಂದ ಶೆಡ್ಡಿಗೆ ನಡೆದೇ ಬಂದಳು, ಎರಡೂವರೆ ಕಿಲೋಮೀಟರ್, ನೊಣಗಳನ್ನು ಓಡಿಸಿಕೊಳ್ಳುತ್ತ. ದಾರಿಯುದ್ದಕ್ಕೂ ಅವಳಿಗೆ ಕೋಪ ಬಂದದ್ದು ಅವನ ಮೇಲಲ್ಲ. ತಾನು ಅವನಿಗಾಗಿ ಎರಡು ಅಂಗುಲದ ಕಿಟ್ಟನ್ನು ಆಗಲೇ ಕಪಾಟಿನಿಂದ ತೆಗೆದಿಟ್ಟು ಬಂದಿದ್ದಳಲ್ಲ, ಆ ತನ್ನ ಮೇಲೆ.

ಲೈಲ್ ಹೋದದ್ದು ಪೋರ್ಟ್ ಪಿರೀಗೆ. ತೊಂಬತ್ತು ಕಿಲೋಮೀಟರ್ ದೂರ. ಅಲ್ಲಿಯ ಸ್ಪ್ರಿಂಗ್ ಅಂಗಡಿಯವನ ಮುಂದೆ ಅದೇ ಗಡಸು ಕಿಟ್ ಕೇಳಿದ, ಜೊತೆಗೆ ಭಾರ ಸರಿಯಿದೆ ಎಂದು ಒಂದು ಕಾಗದವನ್ನೂ ಕೇಳಿದ. ಆ ಅಂಗಡಿಯವನು ಯೂಟಿನ ಮೇಲಿನ ಹೇರನ್ನು ನೋಡಿ, ಒಂದು ಸಿಳ್ಳೆ ಹಾಕಿ, ಅಗಸ್ಟಾದಲ್ಲಿ ಗ್ಲೆನಿಸ್ ಅಂತ ಒಬ್ಬಳಿದ್ದಾಳೆ, ಅವಳನ್ನು ಕೇಳು ಅಂದ. ಇದನ್ನು ಲೈಲ್ ಯಾರಿಗೂ ಹೇಳಲಿಲ್ಲ. ಅಂಗಡಿಯವನೇ ಸಂಜೆ ಗ್ಲೆನಿಸ್‌ಗೆ ಫೋನು ಮಾಡಿ ನಕ್ಕ.

ಗುರುವಾರ ಬೆಳಿಗ್ಗೆ ಏಳಕ್ಕೆ ಅವಳು ಶೆಡ್ ತೆರೆಯುವಾಗ ಬಿಳಿ ಯೂಟ್ ಬಾಗಿಲಿಗೇ ನಿಂತಿತ್ತು. ಮೂಟೆಗಳು ಇರಲಿಲ್ಲ. ಲೈಲ್ ಸೀಟಿನಲ್ಲಿ ಕೂತು ಕಾಗದದ ಚೀಲದಿಂದ ಮಾಂಸದ ಕಡುಬು ತಿನ್ನುತ್ತಿದ್ದ.

"ಟ್ರೇಲರ್ ಸಿಕ್ತು," ಅಂದ. "ಮಾವಂದು. ಹಸಿರು ಬಣ್ಣ."

"ಬಣ್ಣ ಮನೋಲಿಸ್ ನೋಡಲ್ಲ."

"ಒಂದು ಕೇಳ್ಲಾ? ಎರಡೂವರೆ ಮಾಡೋಕಾಗುತ್ತಾ? ಟೈರ್ ದೊಡ್ಡದು ಹಾಕಿ ಸ್ವಲ್ಪ..."

"ಲೈಲ್."

"ಸರಿ, ಸರಿ."

ಅಂದು ಅವಳು ಬೇರೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಮೊದಲು ಆರು ಅಂಗುಲದ ಸ್ಪ್ರಿಂಗುಗಳನ್ನು ಕಳಚಿದಳು. ನೀಲಿ ಬಣ್ಣ ಬಳಿದ ಅವು ನೆಲಕ್ಕೆ ಬಿದ್ದಾಗ ಠಣ್ಣೆಂದು ಬಡಾಯಿಯ ಸದ್ದನ್ನೇ ಮಾಡಿದವು. ಕ್ಲಬ್ಬಿನವರು ಒಂದು ಬೋಲ್ಟಿಗೆ ತಂತಿ ಸುತ್ತಿದ್ದರು, ಇನ್ನೊಂದು ಕಡೆ ಬೀರಿನ ಡಬ್ಬಿಯ ತಗಡನ್ನು ಮಡಚಿ ಸಂದಿಗೆ ತುರುಕಿದ್ದರು. ಅವಳು ಆ ತಗಡನ್ನು ಬೆರಳ ತುದಿಯಲ್ಲಿ ಹಿಡಿದು ಲೈಲ್‌ನ ಮುಂದೆ ಇಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನದ ಹೊತ್ತಿಗೆ ತಗಡಿನ ಶೆಡ್ ಒಲೆಯಾಯಿತು. ಸವೆದ ಕೀಲು ಬದಲಾಯಿತು, ಬ್ರೇಕಿನ ಕೊಳವೆ ಬದಲಾಯಿತು. ಹಿಂದಿನ ಕಮಾನು ಪಟ್ಟಿಯನ್ನು ಮೇಜಿನ ಮೇಲಿಟ್ಟು ಒಂದೊಂದೇ ಪದರಕ್ಕೆ ಗ್ರೀಸ್ ಸವರಿ ಜೋಡಿಸಿದಳು. ಹಾಗೆ ಜೋಡಿಸುವಾಗ ಅವಳ ತುಟಿ ಅಲುಗುತ್ತಿರುತ್ತದೆ. ಬೈಯುತ್ತಿದ್ದಾಳೋ ಪ್ರಾರ್ಥಿಸುತ್ತಿದ್ದಾಳೋ ನೋಡಿದವರಿಗೆ ತಿಳಿಯುವುದಿಲ್ಲ. ಸಾಮಾನ್ಯವಾಗಿ ಎರಡೂ ನಡೆದಿರುತ್ತದೆ. ಲೈಲ್ ಕೇಳಿದ್ದನ್ನು ಕೈಗೆ ಕೊಡುತ್ತ ನಿಂತ. ಕೆಲಸಕ್ಕೆ ಅವನು ಅಷ್ಟೇನೂ ಕೆಟ್ಟವನಲ್ಲ, ಬಾಯಿ ಮುಚ್ಚಿಕೊಂಡಿದ್ದರೆ. ಆದರೆ ಅರ್ಧ ಗಂಟೆಗೊಮ್ಮೆ ತೆರೆಯುತ್ತಿದ್ದ.

"ನೋಡೋಕೆ ತುಂಬಾ ತಗ್ಗು ಅನ್ಸಲ್ವಾ?"

"ತಗ್ಗಿದ್ರೆ ಬೀಳೋದು ಕಡಿಮೆ."

ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಟಪಾಲಿನಷ್ಟು ಭಾರ ಹೇರಿ, ಹಿಂದೆ ಟ್ರೇಲರ್ ಸಿಕ್ಕಿಸಿದಳು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದಳು. ಎಡಹಿಂದೆ ನಾಲ್ಕು ಮಿಲಿಮೀಟರ್ ಕಡಿಮೆ ಬಂತು. ಆಗ ಸಂಜೆ ಐದು. ಲೈಲ್ ಪರವಾಗಿಲ್ಲ ಅಂದ. ಅವಳು ಮತ್ತೆ ಬಿಚ್ಚಿದಳು.

ಶುಕ್ರವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗ ಮನೋಲಿಸ್ ಶೆಡ್ಡಿಗೇ ಬಂದ. ಕುಳ್ಳು ಮನುಷ್ಯ, ಅಚ್ಚುಕಟ್ಟಾದ ಅಂಗಿ, ಯಾರ ಮೇಲೂ ಪ್ರೀತಿಯಿಲ್ಲದ ಟೇಪು. ಬ್ರೇಕು ನೋಡಿದ, ಕೀಲು ಅಲುಗಿಸಿದ, ಎತ್ತರ ಅಳೆದ. ಎತ್ತರಿಸಿದ್ದು ನಲವತ್ತೆಂಟು ಮಿಲಿಮೀಟರ್, ಎರಡು ಅಂಗುಲಕ್ಕೆ ಸ್ವಲ್ಪ ಒಳಗೆ. ಬೆಳಿಗ್ಗೆಯೇ ಗೋದಾಮಿನಲ್ಲಿ ಅಷ್ಟೇ ಭಾರ ಹೇರಿ ತೂಗಿಸಿದ್ದ ಯೂಟಿನ ಚೀಟಿ ಓದಿದ, ಟ್ರೇಲರಿನ ಚೀಟಿ ಓದಿದ, ಬಾಗಿಲ ಪಕ್ಕದ ತಗಡು ಓದಿದ. ಲೈಲ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ, ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಗ್ಲೆನಿಸ್‌ಗೆ ಆ ಕ್ಷಣ ಅವನನ್ನು ಕಂಡು ಸ್ವಲ್ಪ ಪಾಪ ಅನ್ನಿಸಿತು. ಅವಳು ಆ ಭಾವವನ್ನು ಸಂಶಯದಿಂದಲೇ ಗಮನಿಸಿದಳು.

ಮನೋಲಿಸ್ ಸಹಿ ಹಾಕಿದ. "ಈಗ ಗಾಡಿ ಥರ ಇದೆ," ಅಂದ.

ಲೈಲ್ ಟೋಪಿ ತಲೆಗೇರಿಸಿದ. ಟೋಪಿಯ ಜೊತೆ ಹಳೆಯ ಲೈಲ್ ಕೂಡ ಮೇಲೇರಿದ.

"ನಾನು ಮೊದಲಿಂದ್ಲೂ ಹೇಳ್ತಿದ್ದೆ ಮನೋಲಿಸ್. ಎರಡು ಅಂಗುಲ ಸಾಕು, ಭಾರಕ್ಕೆ ಟ್ರೇಲರ್ ಇಟ್ಕೋಬೇಕು ಅಂತ. ಕ್ಲಬ್ಬಿನ ಹುಡುಗರು ಕೇಳಲಿಲ್ಲ."

ಮನೋಲಿಸ್ ಗ್ಲೆನಿಸ್‌ಳ ಕಡೆ ನೋಡಿದ. ಗ್ಲೆನಿಸ್ ಟೇಪು ಸುತ್ತುತ್ತಿದ್ದಳು. ಇವನ ಅನ್ನ ಉಳಿಯಿತು, ಡೋರಿಯ ಗ್ಯಾಸ್ ಉಳಿಯಿತು, ಬುದ್ಧಿ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ ಎಂದುಕೊಂಡಳು. ಆಗ ಬಂದ ಕನಿಕರ ಬಂದಷ್ಟೇ ಬೇಗ ಹೊರಟುಹೋಗಿತ್ತು. ಅವಳಿಗೆ ಹಾಯೆನಿಸಿತು.

ಟಪಾಲಿನ ಚೀಲಗಳು ಯೂಟಿಗೂ ಮೂಟೆಗಳು ಹಸಿರು ಟ್ರೇಲರಿಗೂ ಏರಿದವು. ಹೊರಡುವ ಮೊದಲು ಲೈಲ್ ಗೋಡೆಗೆ ಒರಗಿಸಿದ್ದ ನೀಲಿ ಸ್ಪ್ರಿಂಗುಗಳ ಕಡೆ ಕೈ ತೋರಿಸಿದ.

"ಗ್ಲೆನಿಸ್, ಅವನ್ನ ಇಲ್ಲೇ ಇಟ್ಕೊಂಡಿರು. ಯಾರಾದ್ರೂ ದಡ್ಡ ಸಿಕ್ಕಿದ್ರೆ ಮಾರಿಬಿಡು."

"ಸಿಕ್ಕಿದ್ದ. ಹೋದ ವರ್ಷವೇ ಕೊಂಡ್ಕೊಂಡ."

ಮನೋಲಿಸ್‌ಗೆ ಕೆಮ್ಮು ಬಂತು. ಲೈಲ್ ನಗಬೇಕೋ ಬೇಡವೋ ಎಂದು ಒಂದು ಗಳಿಗೆ ನಿಂತು, ಕೊನೆಗೆ ಬೇರೆ ಯಾರಿಗೋ ಹೇಳಿದಂತೆ ಗಟ್ಟಿಯಾಗಿ ನಕ್ಕುಬಿಟ್ಟ. ಆಮೇಲೆ ಬಾಗಿಲು ತೆರೆದು, ಒಂದೇ ಹೆಜ್ಜೆಗೆ, ನೆಲದಿಂದ ಸೀಟಿಗೆ ಹತ್ತಿ ಕೂತ. ಅದು ಅವನಿಗೇ ಆಶ್ಚರ್ಯವಾದಂತಿತ್ತು. ಹನ್ನೊಂದು ಮನೆಗಳ ಟಪಾಲು ಹೊತ್ತು ಯೂಟ್ ಉತ್ತರಕ್ಕೆ ಹೊರಟಿತು. ಗ್ಲೆನಿಸ್ ಒಳಗೆ ಹೋಗಿ ಕೈ ತೊಳೆದುಕೊಂಡಳು.